ಸ್ಪ್ಯಾನಿಷ್ ಕಲಿಕೆಯ ಆ್ಯಪ್: ನಿಷೇಧಕ್ಕೆ ಪೂರ್ತಿ ಅಂಕ, ಪ್ರಶ್ನೆಗೆ ಅರ್ಧ

ನಿಷೇಧದ, ಅಂದರೆ 'ಇಲ್ಲ' ಎನ್ನುವ ವಾಕ್ಯಗಳ, ಪಾಠ ಗಟ್ಟಿಯಾಗಿದೆ. 'ನೋ' ಕ್ರಿಯಾಪದಕ್ಕಿಂತ ಮೊದಲು ಬರಬೇಕು: 'ನೋ ಆಬ್ಲೊ', ಮಾತಾಡುವುದಿಲ್ಲ. ನಡುವೆ ಸರ್ವನಾಮವಿದ್ದರೆ ಅದಕ್ಕೂ ಮೊದಲು: 'ನೋ ಲೋ ಸೇ', ಅದು ಗೊತ್ತಿಲ್ಲ. 'ನೋ ಬೀನೊ ನಾದ್ಯೆ'ಯಲ್ಲಿನ ಎರಡು ನಿಷೇಧಗಳಿಗೆ ('ನೋ' ಮತ್ತು 'ಯಾರೂ ಇಲ್ಲ' ಎನ್ನುವ 'ನಾದ್ಯೆ') ಉದ್ದನೆಯ ಸಮಜಾಯಿಷಿ ಕೊಟ್ಟಿದ್ದಾರೆ. ಅದನ್ನೇ 'ಯಾರೂ ಬರಲಿಲ್ಲ' ಎನ್ನುವ ನಮಗೆ ಅದೇನು ಹೊಸದಲ್ಲ ಬಿಡಿ. ನಾವು ಎಡವುವುದು ಬೇರೆ ಕಡೆ: 'ನಾದ್ಯೆ' ಮೊದಲು ಬಂದರೆ 'ನೋ' ಬಿಡಬೇಕು, 'ನಾದ್ಯೆ ಬೀನೊ'. ಇದನ್ನೂ ಸರಿಯಾಗಿ ಅಭ್ಯಾಸ ಮಾಡಿಸುತ್ತಾರೆ.

ಪ್ರಶ್ನೆಯ ಪಾಠ ಸೊರಗಿದೆ. ಹೌದು-ಅಲ್ಲ ಪ್ರಶ್ನೆಗೆ ದನಿ ಏರಿಸಿದರೆ ಸಾಕು, ಅಷ್ಟು ಹೇಳಿದ್ದಾರೆ. ಆದರೆ ವಾಕ್ಯದ ಆರಂಭದ ತಲೆಕೆಳಗಾದ ಪ್ರಶ್ನೆ ಚಿಹ್ನೆ (¿) ಬಿಟ್ಟರೂ ಉತ್ತರ ಸರಿಯಂತೆ! 'ಏಕೆ' ಎನ್ನಲು 'ಪೋರ್ ಕೇ' ಎರಡು ಪದ, ಒತ್ತುಗುರುತು ಬೇಕು. 'ಏಕೆಂದರೆ'ಗೆ 'ಪೋರ್ಕೆ' ಒಂದೇ ಪದ, ಗುರುತಿಲ್ಲ. ಈ ಗೊಂದಲವನ್ನು ಆ್ಯಪ್ ತಿದ್ದುವುದೇ ಇಲ್ಲ.