ಕಸೂತಿ ಕಿಟ್ ರಿವ್ಯೂ: ಬಟ್ಟೆ, ದಾರ ಸೂಪರ್, ಪುಸ್ತಕ ಮಾತ್ರ ಅರ್ಧ ಹೇಳುತ್ತೆ

ಆನ್‌ಲೈನ್‌ನಲ್ಲಿ 650 ರೂಪಾಯಿಗೆ ಸಿಗೋ ಕಸೂತಿ ಕಿಟ್ ತಗೊಳ್ಳೋದಾ ಬೇಡ್ವಾ ಅಂತ ಯೋಚ್ನೆ ಮಾಡ್ತಿರೋರಿಗೆ ಇದು. ಈ ಶನಿವಾರ ಭಾನುವಾರ ಎಲ್ಲೂ ಹೊರಗೆ ಹೋಗ್ದೆ, ಮೊಬೈಲ್ ರೂಮಲ್ಲಿಟ್ಟು, ಒಲೆ ಮೇಲೊಂದು ಪಾತ್ರೆ ಕೈಯಲ್ಲೊಂದು ಸೂಜಿ ಅಂತ ಕೂತು ಚೆನ್ನಾಗಿ ಬಳಸಿ ನೋಡಿ ಬರೀತಾ ಇದೀನಿ. ಅಂಗಡಿ ಹೆಸರು ಹಾಕ್ತಿಲ್ಲ, ಇದೇ ತರದ ಕಿಟ್ ತುಂಬಾ ಜನ ಮಾರ್ತಾರೆ, ಏನು ನೋಡಿ ತಗೋಬೇಕು ಅನ್ನೋದೇ ಮುಖ್ಯ.

ಮೊದ್ಲು ಚೆನ್ನಾಗಿರೋದು ಹೇಳ್ಬಿಡ್ತೀನಿ. ಮ್ಯಾಟಿ ಬಟ್ಟೆ ತುಂಬಾ ಒಳ್ಳೇದು ಕೊಟ್ಟಿದಾರೆ, ನೇಯ್ಗೆಯ ಚೌಕಗಳು ಬಿಡಿಬಿಡಿಯಾಗಿ ಕಾಣುತ್ತೆ, ಎಳೆ ಎಣಿಸೋಕೆ ಕನ್ನಡಕ ಹುಡುಕ್ಬೇಕಾಗಿಲ್ಲ. ಕಸೂತಿಗೆ ಇದೇ ಅಡಿಪಾಯ ಯಾಕಂದ್ರೆ ಇಲ್ಲಿ ಪೆನ್ಸಿಲ್‌ನಲ್ಲಿ ಡಿಸೈನ್ ಬರ್ಕೊಂಡು ಅದರ ಮೇಲೆ ಹೊಲಿಯೋದಿಲ್ಲ, ಧಾರವಾಡ ಕಡೆ ಅಜ್ಜಿಯಂದಿರು ಎಳೆ ಎಣಿಸ್ಕೊಂಡೇ ಗೋಪುರ, ಪಲ್ಲಕ್ಕಿ, ಆನೆ, ತುಳಸಿ ಕಟ್ಟೆ ಎಲ್ಲಾ ಹಾಕ್ತಾ ಬಂದಿರೋದು. ಸೂಜಿ ತುದಿ ಮೊಂಡಾಗಿದೆ, ಬಟ್ಟೆ ಎಳೆ ಸೀಳ್ಕೊಂಡು ಹೋಗಲ್ಲ. ದಾರ ಆರೆಳೆಯದು, ಎರಡೆರಡು ಎಳೆ ಬಿಡಿಸಿ ಹಾಕಿದ್ರೆ ನೀಟಾಗಿ ಬರುತ್ತೆ, ಹೊಳಪೂ ಚೆನ್ನಾಗಿದೆ.

ಈಗ ಪುಸ್ತಕದ ವಿಷಯ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕೂ ಹೊಲಿಗೆಗೆ ಒಂದೊಂದು ಪುಟ ಕೊಟ್ಟಿದಾರೆ, ಫೋಟೋನೂ ಇದೆ, ಆದ್ರೆ ಎಲ್ಲಾ ಮುಗಿದ ಮೇಲಿನ ಫೋಟೋ. ಗವಂತಿ ಹೆಂಗೆ ಅಂದ್ರೆ, ಸೂಜಿ ಒಂದು ಮೇಲೆ ಒಂದು ಕೆಳಗೆ ಅಂತ ಬಿಟ್ಟು ಬಿಟ್ಟು ಕೊನೇ ತನಕ ಹೋಗುತ್ತೆ, ಆಮೇಲೆ ಅದೇ ತೂತುಗಳಲ್ಲೇ ವಾಪಸ್ ಬರ್ತಾ ಖಾಲಿ ಬಿಟ್ಟಿದ್ದ ಜಾಗ ಎಲ್ಲಾ ತುಂಬುತ್ತೆ. ಗಂಟು ಹಾಕೋ ಹಾಗಿಲ್ಲ, ದಾರದ ತುದೀನೂ ಹೊಲಿಗೆ ಒಳಗೇ ಸೇರಿಸ್ಬೇಕು, ಹಂಗಾಗಿ ಬಟ್ಟೆ ತಿರುಗಿಸಿದ್ರೆ ಹಿಂದೂ ಮುಂದೂ ಒಂದೇ ತರ ಕಾಣುತ್ತೆ. ಮುರ್ಗಿಗೂ ಇದೇ ಲೆಕ್ಕ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ ಅಷ್ಟೆ. ಬರೀ ಗೆರೆ ಆದ್ರೆ ಸುಲಭ, ತುಳಸಿ ಕಟ್ಟೆ ತರದ್ದಕ್ಕೆ ಪಕ್ಕದ ಕೊಂಬೆಗಳಿಗೆ ಯಾವಾಗ ತಿರುಗ್ಬೇಕು, ಹೋಗೋವಾಗ್ಲಾ ವಾಪಸ್ ಬರೋವಾಗ್ಲಾ, ಅದು ಗೊತ್ತಿಲ್ದೆ ಇದ್ರೆ ದಾರ ಮಧ್ಯದಲ್ಲೆಲ್ಲೋ ಸಿಕ್ಕಾಕೊಂಡು ನಿಲ್ಲುತ್ತೆ. ಅಲ್ಲಿ ಬೇಕಾಗಿದ್ದು ಗ್ರಾಫ್ ಮೇಲೆ 1, 2, 3 ಅಂತ ನಂಬರ್ ಮತ್ತೆ ಬಾಣದ ಗುರುತು. ಈ ಪುಸ್ತಕದಲ್ಲಿ ಒಂದೇ ಒಂದು ಬಾಣ ಇಲ್ಲ! ಹೊಸದಾಗಿ ಕಲಿಯೋರು ಇಲ್ಲೇ ಬೇಜಾರಾಗಿ ಬಿಟ್ಬಿಡ್ತಾರೆ, ನನಗೆ ನಿಜವಾಗ್ಲೂ ಬೇಸರ ಆಗಿದ್ದು ಇದಕ್ಕೇ.

ಜೊತೆಗೆ ಒಂದು ತುಂಡು ನೆಟ್ ಕೊಟ್ಟಿದಾರೆ. ಇಳಕಲ್ ಸೀರೆ ತರ ಸಣ್ಣ ನೇಯ್ಗೆ ಬಟ್ಟೆ ಮೇಲೆ ಎಳೆ ಎಣಿಸೋದು ಕಷ್ಟ ಅಂತ ಈಗ ನೆಟ್ ಇಟ್ಟು ಟಾಕಿ ಹಾಕಿ ಅದರ ಮೇಲೆ ಹೊಲಿದು, ಮುಗಿದ ಮೇಲೆ ನೆಟ್ ಎಳೆ ಒಂದೊಂದೇ ಎಳೆದು ತೆಗೀತಾರೆ. ಪುಸ್ತಕದಲ್ಲಿ ಇದಕ್ಕೆ ಒಂದು ಸಾಲು ಮೀಸಲು.

ಅಡುಗೆ ವಿಷಯ ಯಾಕೆ ಹೇಳ್ತೀನಂದ್ರೆ, ಈ ಕೆಲಸದ ಜೊತೆ ಮಧ್ಯೆ ಮಧ್ಯೆ ಎದ್ದು ಒಗ್ಗರಣೆ ಹಾಕೋ ಅಡುಗೆ ಇಟ್ಕೋಬೇಡಿ, ಅರಿಶಿನ ಎಣ್ಣೆ ಕೈಯಲ್ಲಿ ಬಿಳಿ ಬಟ್ಟೆ ಮುಟ್ಟಿದ್ರೆ ಕತೆ ಮುಗೀತು. ನಾನು ಬೆಳಿಗ್ಗೇನೇ ಬಸ್ಸಾರು ಮಾಡಿಟ್ಟೆ. ಹೆಸರುಕಾಳು ಬೇಯಿಸಿ, ಮುಕ್ಕಾಲು ಬೆಂದಾಗ ಸಬ್ಬಸಿಗೆ ಸೊಪ್ಪು ಹಾಕಿ, ಕಟ್ಟು ಬಸಿದಿಟ್ಕೊಂಡು, ಈರುಳ್ಳಿ ಬೆಳ್ಳುಳ್ಳಿ ಒಣಮೆಣಸಿನಕಾಯಿ ಜೀರಿಗೆ ಮೆಣಸು ಹುರಿದು, ಕಾಯಿತುರಿ, ಹುಣಸೆಹಣ್ಣು, ಬೆಂದ ಕಾಳುಸೊಪ್ಪು ಒಂದು ಸೌಟು ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದ್ರೆ ಸಾರು, ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ರೆ ಪಲ್ಯ. ರುಬ್ಬೋವಾಗ ಆ ಒಂದು ಸೌಟು ಮರೀಬೇಡಿ, ಸಾರಿಗೆ ಮೈ ಬರೋದೇ ಅದರಿಂದ. ಮಧ್ಯಾಹ್ನಕ್ಕೆ ಬಿಸಿ ಮುದ್ದೆ, ರಾತ್ರಿ ಅದೇ ಸಾರಿಗೆ ಅನ್ನ, ಭಾನುವಾರ ಬೆಳಿಗ್ಗೆ ಕುದಿಸಿದ ಹಳೇ ಸಾರಿನ ರುಚಿಯಂತೂ ಕೇಳ್ಬೇಡಿ. ನಡುವೆ ಇಡೀ ಹೊತ್ತು ಕಿಟಕಿ ಬೆಳಕಲ್ಲಿ ಹೊಲಿಗೆ, ಎಷ್ಟು ನೆಮ್ಮದಿ ಅಂದ್ರೆ ಟಿವಿ ಹಾಕ್ಬೇಕು ಅಂತಾನೂ ಅನ್ನಿಸ್ಲಿಲ್ಲ.

ಇನ್ನೊಂದು ಮುಖ್ಯ ವಿಷಯ, ಕೆಂಪು ದಾರ ಬಣ್ಣ ಬಿಡುತ್ತೆ. ಹೊಲಿಯೋಕೆ ಮುಂಚೆ ಒಂದು ತುಂಡು ಕತ್ತರಿಸಿ ಒದ್ದೆ ಮಾಡಿ ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ, ಗುಲಾಬಿ ಕಲೆ ಬಂದ್ರೆ ಆ ಲಡಿ ಪಕ್ಕಕ್ಕಿಟ್ಟು ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಬೇರೆ ತಗೊಳ್ಳಿ.

ಒಟ್ಟು 5ಕ್ಕೆ ಮೂರೂವರೆ ಸ್ಟಾರ್. ಕಸೂತಿ ಬರೋರು ಪಕ್ಕದಲ್ಲಿದ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ. ಒಬ್ರೇ ಕೂತು ಕಲಿಯೋದಾದ್ರೆ ಮೊದ್ಲು ಚೌಕುಳಿ ಹಾಳೆ ಮೇಲೆ ಪೆನ್ನಲ್ಲಿ ಹೋಗೋ ದಾರಿ ಒಂದು ಬಣ್ಣ, ಬರೋ ದಾರಿ ಇನ್ನೊಂದು ಬಣ್ಣ ಹಾಕಿ ನೋಡ್ಕೊಂಡು ಆಮೇಲೆ ಸೂಜಿ ಹಿಡೀರಿ. ಕೈಯಲ್ಲಿ ಮಾಡಿದ ಅಸಲಿ ಕೆಲಸ ಹತ್ತಿರದಿಂದ ನೋಡ್ಬೇಕಂದ್ರೆ ಬೆಂಗಳೂರಲ್ಲಿರೋರು ಕಾವೇರಿ ಎಂಪೋರಿಯಂಗೆ ಹೋಗಿ ಕಸೂತಿ ಸೀರೆ ಕೇಳಿ, ಸೆರಗಿನ ಹಿಂಭಾಗ ತಿರುಗಿಸಿ ತೋರಿಸಿ ಅನ್ನಿ.