ಊಟಕ್ಕೆಂದೇ ಹೊರಟರೆ: ಸಾಗರದ ಸುತ್ತೋ, ಆಗುಂಬೆ–ಕೊಪ್ಪದ ಸುತ್ತೋ?

ಮೊದಲೇ ಹೇಳಿಬಿಡುತ್ತೇನೆ, ಕೈಯಲ್ಲಿ ಒಂದೇ ದಿನ ಇದ್ದು, ಜೊತೆಗೆ ಮನೆಯ ಹಿರಿಯರೂ ಇದ್ದರೆ ನನ್ನ ಆಯ್ಕೆ ಸಾಗರದ ಸುತ್ತು. ಆಗುಂಬೆ ಕಡೆಯ ದಾರಿಯ ಚೆಲುವು ದೊಡ್ಡದು, ಅದರಲ್ಲಿ ತಕರಾರಿಲ್ಲ. ಆದರೆ ಹೊರಟಿರುವುದು ಊಟಕ್ಕೆ. ಹೊಟ್ಟೆಯ ಲೆಕ್ಕ ಹಿಡಿದರೆ ಸಾಗರದ ದಾರಿ ಕೈಬಿಡುವುದಿಲ್ಲ.

ಎರಡೂ ಶಿವಮೊಗ್ಗದಿಂದ ಹೊರಟು ಶಿವಮೊಗ್ಗಕ್ಕೇ ಮುಟ್ಟುವ ಸುತ್ತುಗಳು, ಎರಡೂ ಸುಮಾರು 240 ಕಿ.ಮೀ. ಸಾಗರದ ಸುತ್ತು ಎಂದರೆ ಆಯನೂರು, ಆನಂದಪುರ, ಸಾಗರ, ಜೋಗ. ಮತ್ತೆ ಸಾಗರಕ್ಕೆ ಬಂದು ಹೊಸನಗರ, ರಿಪ್ಪನ್‌ಪೇಟೆ ಮೇಲೆ ವಾಪಸ್. ದಕ್ಷಿಣದ ಸುತ್ತು ಎಂದರೆ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕೊಪ್ಪ, ಬಾಳೆಹೊನ್ನೂರು. ಅಲ್ಲಿಂದ ನರಸಿಂಹರಾಜಪುರ, ಉಂಬ್ಳೇಬೈಲು ಮೇಲೆ ಮನೆಗೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಯಾವ ಕಡೆ ಹೋದರೂ 16 ಲೀಟರ್ ಪೆಟ್ರೋಲ್. ದೂರವಾಗಲೀ ಪೆಟ್ರೋಲಾಗಲೀ ಇಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ.

ತೀರ್ಮಾನಿಸುವುದು ಒಂದೇ ತೊಡಕು: ಮಲೆನಾಡಿನ ಅಡುಗೆ ಹೋದ ತಕ್ಷಣ ಸಿಗುವಂಥದ್ದಲ್ಲ. ದಾರಿಯ ಪೇಟೆಗಳಲ್ಲಿ ಹೋಟೆಲಿಗೆ ಬರವಿಲ್ಲ. ಇಡ್ಲಿ, ವಡೆ, ಬನ್ಸ್, ನೀರುದೋಸೆ ಚೆನ್ನಾಗಿಯೇ ಇರುತ್ತವೆ. ಆದರೆ ಕಡುಬು, ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಅಪ್ಪೆಹುಳಿ, ತಂಬುಳಿ ಬೇಕೆಂದರೆ ಹೋಂಸ್ಟೇ ಅಥವಾ ಊಟ ಮಾಡಿಕೊಡುವ ಮನೆಯೇ ಗತಿ. ಅಲ್ಲಿಗೆ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಿ "ನಾಲ್ಕು ಜನ ಬರ್ತಿದೀವಿ" ಎಂದರೆ ಅನ್ನ, ಸಾಂಬಾರು, ಹಪ್ಪಳ ಬಡಿಸುತ್ತಾರೆ. ಅದು ಮನೆಯವರ ತಪ್ಪಲ್ಲ. ಈ ಅಡುಗೆಗಳಿಗೆ ಬೇಕಾದ ಹೊತ್ತೇ ಅಷ್ಟು.

ಪತ್ರೊಡೆಯನ್ನೇ ತೆಗೆದುಕೊಳ್ಳಿ. ಅಕ್ಕಿ ಮೂರು–ನಾಲ್ಕು ಗಂಟೆ ನೆನೆಯಬೇಕು. ಕೆಸುವಿನೆಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ಹುಣಸೆಹುಳಿ ಕಡಿಮೆಯಾದರೆ, ಬೇಯುವುದು ಅರ್ಧಕ್ಕೆ ನಿಂತರೆ ಗಂಟಲು ಕೆರೆಯುತ್ತದೆ. ಹಿಟ್ಟು ಸವರಿ, ಸುತ್ತಿ, ಮುಕ್ಕಾಲು ಗಂಟೆ ಹಬೆಯಲ್ಲಿಟ್ಟು, ಆರಿದ ಮೇಲೆ ಹೆಚ್ಚಿ, ಕಾವಲಿಗೆ ಹಾಕಬೇಕು. ಆರುವ ಮೊದಲೇ ಕೊಯ್ದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಹಿಂದಿನ ದಿನ ಸಂಜೆಯೊಳಗೆ ಹೇಳದಿದ್ದರೆ ಮಧ್ಯಾಹ್ನದ ಎಲೆಗೆ ಅದು ಬೀಳುವುದು ಕಷ್ಟ.

ಕಳಲೆಗೆ ಹಿಂದಿನ ದಿನ ಹೇಳಿದರೂ ಸಾಲದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ ನೀರಿನಲ್ಲಿ ಮುಳುಗಿಸಿಟ್ಟು, ದಿನಾ ಆ ನೀರು ಚೆಲ್ಲಿ ಹೊಸದು ಹಾಕಿ, ಎರಡು–ಮೂರು ದಿನ ಕಳೆದ ಮೇಲೆ ಬೇಯಿಸುತ್ತಾರೆ. ಹಾಗಾಗಿ ಫೋನಿನಲ್ಲಿ "ಕಳಲೆ ಪಲ್ಯ ಮಾಡ್ತೀರಾ" ಎಂದು ಕೇಳಿ ಪ್ರಯೋಜನವಿಲ್ಲ. "ನೆನೆಹಾಕಿದ ಕಳಲೆ ಇದೆಯಾ" ಎಂದು ಕೇಳಬೇಕು. ಇಲ್ಲ ಎಂದರೆ ಒತ್ತಾಯ ಮಾಡಬೇಡಿ. ಅವಸರದ ಕಳಲೆ ಕಹಿಯಷ್ಟೇ ಅಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ.

ಕಡುಬಿನ ತೊಡಕು ಇದಕ್ಕೆ ತಿರುಗಾಮುರುಗಾ. ಅಕ್ಕಿತರಿಯನ್ನು ನೀರಿನಲ್ಲಿ ಕೆದಕಿ, ಉಂಡೆ ಕಟ್ಟಿ, ಹದಿನೈದು–ಇಪ್ಪತ್ತು ನಿಮಿಷ ಹಬೆಯಲ್ಲಿಟ್ಟರೆ ಆಯಿತು. ಆದರೆ ಇಳಿಸಿದ ಕೂಡಲೇ ತಿನ್ನಬೇಕು, ಒಂದು ಗಂಟೆ ಕಳೆದರೆ ಗಟ್ಟಿ. ಒಂದಕ್ಕೆ ಬರುತ್ತೇವೆಂದು ಹೇಳಿ ಎರಡೂವರೆಗೆ ಹೋದರೆ ತಟ್ಟೆಗೆ ಬರುವುದು ಮತ್ತೆ ಬಿಸಿ ಮಾಡಿದ ಕಡುಬು. ಅಕ್ಕಿರೊಟ್ಟಿಯೂ ಹಾಗೆಯೇ. ಬಯಲುಸೀಮೆಯಂತೆ ಈರುಳ್ಳಿ, ಸೊಪ್ಪು ಹಾಕಿ ತಟ್ಟುವ ರೊಟ್ಟಿಯಲ್ಲ ಇದು. ಕುದಿನೀರಿನಲ್ಲಿ ಬೇಯಿಸಿದ ಹಿಟ್ಟನ್ನು ನಾದಿ, ಲಟ್ಟಿಸಿ, ಕೆಂಡದ ಮೇಲೆ ಉಬ್ಬಿಸುವ ಬಿಳಿ ರೊಟ್ಟಿ. ಉಬ್ಬಿದ್ದು ಇಳಿಯುವುದರೊಳಗೆ ತಟ್ಟೆಗೆ ಬಿದ್ದರೆ ಅದರ ರುಚಿ.

ಅಂದರೆ ಈ ಪ್ರವಾಸಕ್ಕೆ ಎರಡು ಬೇಕು: ಹಿಂದಿನ ದಿನದ ಮಾತು, ಹೇಳಿದ ಹೊತ್ತಿಗೆ ತಲುಪುವ ಖಾತರಿ. ದಕ್ಷಿಣದ ಸುತ್ತು ಒದ್ದಾಡುವುದು ಎರಡನೆಯದರಲ್ಲಿ.

ಗಾಜನೂರಿನ ಬಳಿಯ ಸಕ್ರೆಬೈಲು ಆನೆ ಬಿಡಾರದಲ್ಲಿ ಆನೆಗಳು ನೀರಿಗಿಳಿಯುವುದನ್ನು ನೋಡಬೇಕೆಂದರೆ ಎಂಟೂವರೆಯ ಮೇಲೆಯೇ. ಅದನ್ನು ನೋಡಿಕೊಂಡು ತೀರ್ಥಹಳ್ಳಿಗೆ ಹೋಗುವಾಗ ಹತ್ತೂವರೆ. ತಿಂಡಿಯ ಹೊತ್ತು ಮುಗಿದಿರುತ್ತದೆ, ಊಟ ಇನ್ನೂ ಆಗಿರುವುದಿಲ್ಲ. ಆಗುಂಬೆಗೆ ಮುಟ್ಟುವಾಗ ಹನ್ನೆರಡು ಸಮೀಪ, ಶೃಂಗೇರಿಗೆ ಒಂದು ದಾಟುತ್ತದೆ. ಈ ನಡುವೆ ಊಟ ಕೊಡುವ ಮನೆಗಳು ಹೆಚ್ಚಾಗಿ ಟಾರು ರಸ್ತೆಯಿಂದ ನಾಲ್ಕಾರು ಕಿ.ಮೀ. ಒಳಗೆ, ತೋಟದ ಮಣ್ಣುದಾರಿಯಲ್ಲಿ. ಆ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ತಿರುವು ತಪ್ಪಿದರೆ ಕೇಳಲು ಜನ ಸಿಗುವುದೂ ಅಪರೂಪ. ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರು ಆಗುಂಬೆ. ಜುಲೈನಲ್ಲಿ ಸಣ್ಣ ಕಾರು ಆ ಮಣ್ಣುದಾರಿಯ ಏರು ಹತ್ತದೆ ಚಕ್ರ ತಿರುಗಿಸುತ್ತಾ ನಿಲ್ಲುವುದು ಮಾಮೂಲು. ಅರ್ಧ ಗಂಟೆ ಅಲ್ಲಿ ಹೋಯಿತೆಂದರೆ ಕಡುಬೂ ಹೋಯಿತು.

ಬದಲಿ ವ್ಯವಸ್ಥೆ ಶೃಂಗೇರಿ ಮಠದ ಮಧ್ಯಾಹ್ನದ ಪ್ರಸಾದ. ತೃಪ್ತಿಯ ಊಟ, ದುಡ್ಡಿನ ಮಾತಿಲ್ಲ. ದರ್ಶನ ಮುಗಿಸಿ, ತುಂಗೆಯ ಮೀನುಗಳನ್ನು ನೋಡಿ ಪಂಕ್ತಿಯಲ್ಲಿ ಕೂತರೆ ಮನಸ್ಸು ತುಂಬುತ್ತದೆ. ಅದನ್ನು ದೇವಸ್ಥಾನದ ಊಟವೆಂದೇ ಉಣ್ಣಬೇಕು, ಮನೆಯಡುಗೆಯ ಹುಡುಕಾಟಕ್ಕೆ ಅದು ಉತ್ತರವಲ್ಲ.

ಇನ್ನೊಂದು ಮಾತು. ಕುಪ್ಪಳಿಯ ಕವಿಶೈಲವನ್ನೂ ಇದೇ ದಿನಕ್ಕೆ ಸೇರಿಸಲು ಹಲವರು ನೋಡುತ್ತಾರೆ. ಕುಪ್ಪಳಿ ಇರುವುದು ತೀರ್ಥಹಳ್ಳಿಯಿಂದ ನೇರ ಕೊಪ್ಪಕ್ಕೆ ಹೋಗುವ ರಸ್ತೆಯ ಕಡೆ; ಆಗುಂಬೆ–ಶೃಂಗೇರಿ ಮೇಲೆ ಹೋದರೆ ಅದು ಪಕ್ಕಕ್ಕೆ ಉಳಿಯುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಬಿಡುವುದಾದರೆ ಆಗುಂಬೆಯನ್ನು ಬಿಡಿ, ಮಳೆಗಾಲದಲ್ಲಂತೂ ಸೂರ್ಯಾಸ್ತದ ಕಟ್ಟೆಯಿಂದ ಕಾಣುವುದು ಬರೀ ಮಂಜು.

ಸಾಗರದ ಸುತ್ತಿನಲ್ಲಿ ಹೊತ್ತು ತಾನಾಗಿ ಹೊಂದುತ್ತದೆ. ಆರೂವರೆಗೆ ಬಿಟ್ಟರೆ ಎಂಟೂಕಾಲಿಗೆ ಸಾಗರದಲ್ಲಿ ತಿಂಡಿ. ಅಲ್ಲಿಂದ 30 ಕಿ.ಮೀ. ಜೋಗ, ವಾರಾಂತ್ಯದ ಜನಸಂದಣಿ ಸೇರುವ ಮೊದಲೇ ನೋಡಿ ಹನ್ನೊಂದಕ್ಕೆ ಹೊರಟುಬಿಡಬಹುದು. ಜೋಗದಲ್ಲಿ ಏನೂ ತಿನ್ನಬೇಡಿ, ಹಸಿವನ್ನು ಉಳಿಸಿಕೊಳ್ಳಿ. ಒಂದು ಗಂಟೆಗೆ ಸಾಗರ–ಹೆಗ್ಗೋಡಿನ ಆಸುಪಾಸಿನ ಹವ್ಯಕ ಮನೆಯೊಂದರಲ್ಲಿ ಎಲೆ ಹಾಕಿಸಿಕೊಳ್ಳುವಂತೆ ಮೊದಲೇ ಮಾತಾಡಿಟ್ಟರೆ ಹೇಳಿದ ಹೊತ್ತಿಗೆ ಹೋಗಿ ಕೂರಬಹುದು. ದಾರಿ ಬಹುಪಾಲು ಟಾರು, ಘಟ್ಟದ ತಿರುವುಗಳ ಕಾಟವಿಲ್ಲ, ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸುವುದಿಲ್ಲ. ಹಿರಿಯರ ಜೊತೆ ಊಟಕ್ಕೆ ಹೋಗುವಾಗ ಇದು ಸಣ್ಣ ವಿಷಯವಲ್ಲ.

ಆ ಎಲೆಯ ಮೇಲೆ ಏನೇನಿರಬೇಕು? ಒಂದೆಲಗದ ತಂಬುಳಿ ಮೊದಲು, ಅನ್ನದ ಜೊತೆ. ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯಿರಿ. ಮಾವಿನಕಾಯಿ ಬೇಯಿಸಿ, ಕಿವುಚಿ, ನೀರಾಗಿ ಮಾಡಿ, ಇಂಗು–ಮೆಣಸಿನ ಒಗ್ಗರಣೆ ಕೊಟ್ಟ ಅದರ ಘಾಟು ಆಗಲೇ ಗೊತ್ತಾಗುವುದು. ತೆಳ್ಳೇವು ಅಥವಾ ದೋಸೆಗೆ ಜೋನಿಬೆಲ್ಲ (ನೀರುಬೆಲ್ಲ), ತುಪ್ಪ. ಊಟದ ಮೇಲೆ ಕಷಾಯ: ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿ, ಹಾಲು–ಬೆಲ್ಲ ಹಾಕಿ ಕುದಿಸಿದ್ದು. ಬೇಸಿಗೆಯಾದರೆ ಮುರುಗಲು ಹಣ್ಣಿನ ಪಾನಕ ಕೇಳಿ.

ಕಾಫಿಯ ವಿಷಯಕ್ಕೆ ಬಂದರೆ ದಕ್ಷಿಣದ ಸುತ್ತೇ ಗೆಲ್ಲುತ್ತದೆ. ಬಾಳೆಹೊನ್ನೂರಿನ ಬಳಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಸುತ್ತಲೆಲ್ಲ ತೋಟ. ಕೊಪ್ಪ–ಬಾಳೆಹೊನ್ನೂರಿನಲ್ಲಿ ಪುಡಿ ಕೊಳ್ಳುವಾಗ ಮೂರು ಪ್ರಶ್ನೆ ಸಾಕು: ಹುರಿದದ್ದು ಯಾವಾಗ, ಚಿಕೋರಿ ಎಷ್ಟು, ಫಿಲ್ಟರಿಗೆ ಬೀಸಿದ್ದಾ. ಕಾಫಿ–ಚಿಕೋರಿ ಮಿಶ್ರಣದಲ್ಲಿ ನಿಯಮದ ಪ್ರಕಾರ ಚಿಕೋರಿ ನೂರಕ್ಕೆ 49ರವರೆಗೂ ಇರಬಹುದು. ಕೇಳದೆ ಕೊಂಡರೆ ಅರ್ಧದಷ್ಟು ಚಿಕೋರಿಯೇ ಮನೆಗೆ ಬರಬಹುದು. ಹುರಿದು ಎರಡು–ಮೂರು ದಿನವಾದದ್ದು ಒಳ್ಳೆಯದು, ಬಿಸಿಬಿಸಿ ಹುರಿದದ್ದರಲ್ಲಿ ಗಾಳಿ ತುಂಬಿಕೊಂಡು ಫಿಲ್ಟರಿನಲ್ಲಿ ಡಿಕಾಕ್ಷನ್ ಸರಿಯಾಗಿ ಇಳಿಯುವುದಿಲ್ಲ. ಅಗ್ಗವೆಂದು ಎರಡು ಕಿಲೋ ಹೊತ್ತು ತರಬೇಡಿ. ಪುಡಿಯ ಪರಿಮಳಕ್ಕೆ ಆಯುಷ್ಯ ಎರಡು–ಮೂರು ವಾರ, ಕಾಲು ಕಿಲೋ ಸಾಕು.

ಮಾಂಸಾಹಾರಕ್ಕೂ ದಕ್ಷಿಣವೇ. ತೀರ್ಥಹಳ್ಳಿ–ಕೊಪ್ಪ ಸೀಮೆಯ ಗೌಡರ ಮನೆಯ ಕಡುಬು–ಕೋಳಿಸಾರಿಗೆ ಸಾಟಿ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ, ಏಡಿಸಾರಿನ ಮಾತು ಬಂದರೆ ಇನ್ನೂ. ಸಸ್ಯಾಹಾರಿಯಾದ ನನ್ನ ತೀರ್ಪು ಈ ಓದುಗರಿಗೆ ಅನ್ವಯಿಸುವುದಿಲ್ಲ.

ಮನೆಗೆ ಕೊಂಡುತರುವುದರಲ್ಲಿ ಮಾತ್ರ ಸಾಗರದ ಮುಂದೆ ಯಾವುದೂ ಇಲ್ಲ. ಉಪ್ಪಿನಕಾಯಿಗೆ ಹಾಕುವ ಎಳೆ ಮಾವು ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಸಾಗರ, ಹೊಸನಗರ, ರಿಪ್ಪನ್‌ಪೇಟೆ ಅದರದೇ ಸೀಮೆ. ಇಲ್ಲಿ ಮಿಡಿಯನ್ನು ಮರದ ಹೆಸರಿನಿಂದಲೇ ಗುರುತಿಸುತ್ತಾರೆ: ಜೀರಿಗೆ ಮಿಡಿ, ಅನಂತಭಟ್ಟನ ಅಪ್ಪೆ, ಹೀಗೆ. ಉಪ್ಪಿನಕಾಯಿ ಕೊಳ್ಳುವಾಗ ಬಾಟಲಿಯ ಬಣ್ಣಕ್ಕೆ ಮರುಳಾಗಬೇಡಿ. ಮಿಡಿ ಸುರುಟಿರಬೇಕು, ಒತ್ತಿದರೆ ಗಟ್ಟಿ ಇರಬೇಕು, ತೊಟ್ಟು ಸ್ವಲ್ಪ ಉಳಿದಿರಬೇಕು. ತೊಟ್ಟು ಬುಡದಲ್ಲೇ ಮುರಿದ ಮಿಡಿಗೆ ಆ ತೂತಿನಿಂದಲೇ ಕೊಳೆ ಹತ್ತುತ್ತದೆ. ಅಂಥದ್ದೊಂದು ಮೆತ್ತಗಾದರೆ ಭರಣಿಯಷ್ಟೂ ಕೆಡುತ್ತದೆ. ಮಸಾಲೆ ಹಾಕಿದ್ದಕ್ಕಿಂತ ಉಪ್ಪುನೀರಿನ ಮಿಡಿಯನ್ನೇ ತಂದು, ಸಾಸಿವೆ–ಮೆಣಸು ಮನೆಯಲ್ಲಿ ಅರೆದು ಹಾಕುವುದು ಉತ್ತಮ. ಬೆಲೆಯೂ ಕಡಿಮೆ, ಬಾಳಿಕೆಯೂ ಹೆಚ್ಚು.

ತರುವ ಕ್ರಮವೂ ಮುಖ್ಯ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಾಟಲಿಯೊಳಗಿನ ಗಾಳಿ ಹಿಗ್ಗಿ, ಉಪ್ಪುನೀರು ಮುಚ್ಚಳದ ಸಂದಿಯಿಂದ ಹೊರಬರುತ್ತದೆ. ಉಪ್ಪು ತಗುಲಿದ ಕಾರ್ಪೆಟ್ ಒಣಗುವುದೇ ಇಲ್ಲ, ಕೆಳಗಿನ ತಗಡಿಗೂ ತುಕ್ಕು. ಬಾಟಲಿಯ ಕತ್ತಿನಲ್ಲಿ ಎರಡು ಬೆರಳು ಜಾಗ ಬಿಡಿಸಿ, ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಬಕೆಟ್ಟಿನೊಳಗೆ ನೆಟ್ಟಗೆ ನಿಲ್ಲಿಸಿ, ಮುಂದಿನ ಸೀಟಿನ ಕಾಲಬುಡದಲ್ಲಿಡಿ. ತೊಡೆದೇವು ಕೊಂಡರೆ ತಗಡಿನ ಡಬ್ಬಿ ಬೇಕೇಬೇಕು. ಕಬ್ಬಿನಹಾಲಿನ ಆ ತೆಳು ಹಾಳೆ ಕುಲುಕಿಗೆ ಪುಡಿಯಾಗುತ್ತದೆ, ತೇವಕ್ಕೆ ಅಂಟಾಗುತ್ತದೆ. ಮಳೆಗಾಲದಲ್ಲಿ ಕೊಳ್ಳುವುದೇ ಬೇಡ.

ಕಾಲದ ಲೆಕ್ಕ: ಆಲೆಮನೆ, ಜೋನಿಬೆಲ್ಲ, ತೊಡೆದೇವಿಗೆ ಜನವರಿಯಿಂದ ಮಾರ್ಚ್. ಮಿಡಿಗೆ ಫೆಬ್ರವರಿ–ಏಪ್ರಿಲ್. ಹಲಸಿನ ಹಪ್ಪಳಕ್ಕೆ ಮೇ. ಪತ್ರೊಡೆ, ಕಳಲೆ, ಅಣಬೆಗೆ ಜುಲೈ–ಆಗಸ್ಟ್. ಜೋಗ ತುಂಬಿರುವುದೂ ಆಗಲೇ. ಎಲ್ಲವೂ ಒಂದೇ ಭೇಟಿಯಲ್ಲಿ ಸಿಗುವುದಿಲ್ಲ.

ಸಾಗರದಿಂದ ಸಿಗಂದೂರಿನ ಕಡೆ ಹೋಗಬೇಕೆನ್ನುವವರಿಗೆ ಈಗ ಲಾಂಚಿನ ಸರದಿ ಕಾಯುವ ಕೆಲಸವಿಲ್ಲ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ 2025ರ ಜುಲೈನಲ್ಲಿ ತೆರೆದಿದೆ. ಆದರೆ ಅದನ್ನು ಸೇರಿಸಿದರೆ ಹೊಸನಗರ–ರಿಪ್ಪನ್‌ಪೇಟೆಯ ವಾಪಸು ದಾರಿಯನ್ನು ಬಿಡಬೇಕಾಗುತ್ತದೆ.

ದಕ್ಷಿಣದ ಸುತ್ತನ್ನೇ ಮಾಡಬೇಕೆಂದರೆ ಎರಡು ದಿನ ಇಟ್ಟುಕೊಳ್ಳಿ. ತೀರ್ಥಹಳ್ಳಿ–ಕೊಪ್ಪದ ನಡುವೆ ಒಂದು ರಾತ್ರಿ ಉಳಿದರೆ ರಾತ್ರಿಯೂಟ, ಬೆಳಗಿನ ಕಡುಬು ಎರಡೂ ಬಿಸಿಯಾಗಿ ಸಿಗುತ್ತವೆ. ಆಗ ಈ ಸುತ್ತಿನ ಮೇಲಿನ ನನ್ನ ದೂರು ಮುಕ್ಕಾಲು ಪಾಲು ಬಿದ್ದುಹೋಗುತ್ತದೆ. ಊಟ ಸೇರಿ ತಲೆಗೆ 2,000 ರೂಪಾಯಿ ದಾಟಿದರೆ ನಾನು ಮುಂದಿನ ಮನೆಗೆ ಫೋನ್ ಮಾಡುತ್ತೇನೆ. ಮಳೆಗಾಲವಾದರೆ ಕಾಯ್ದಿರಿಸುವ ಮೊದಲು ಇಷ್ಟು ಕೇಳಿ: ಟಾರು ರಸ್ತೆಯಿಂದ ಎಷ್ಟು ದೂರ, ಸಣ್ಣ ಕಾರು ಅಂಗಳದವರೆಗೆ ಬರುತ್ತದೆಯೇ, ಬರದಿದ್ದರೆ ಜೀಪು ಕಳಿಸುತ್ತೀರಾ, ಅದಕ್ಕೆ ಬೇರೆ ದುಡ್ಡೇ. ಎರಡನೆಯ ದಿನ ನರಸಿಂಹರಾಜಪುರವನ್ನು ಐದರೊಳಗೆ ಬಿಡಿ. ಅಲ್ಲಿಂದ ಉಂಬ್ಳೇಬೈಲಿನವರೆಗೆ ಭದ್ರಾ ಕಾಡಿನ ಅಂಚು, ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಕಾರು ನಿಲ್ಲಿಸುವ ಪ್ರಸಂಗ ಬರಬಾರದು.