ಖಾತೆ ಇಲ್ಲದ ಮನೆಯಲ್ಲಿ 11 ವರ್ಷ: ಜಾಕ್ಸನ್ ಹೈಟ್ಸ್‌ನ ಹಳೇ ಕೋ-ಆಪ್ ಅಪಾರ್ಟ್‌ಮೆಂಟ್

ನ್ಯೂಯಾರ್ಕಿನ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಮನೆ ತಗೊಂಡೆವು ಅಂತ ಊರಿಗೆ ಫೋನ್ ಮಾಡಿದಾಗ ಅಪ್ಪ ಮೊದಲು ಕೇಳಿದ್ದೇ "ಖಾತೆ ಯಾರ ಹೆಸರಲ್ಲಿದೆ?" ಅಂತ. ಖಾತೆ ಅಂತ ಏನೂ ಇಲ್ಲಪ್ಪ, ಷೇರು ಕೊಟ್ಟಿದ್ದಾರೆ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ "ಹಾಗಾದ್ರೆ ಇದ್ದಬದ್ದ ದುಡ್ಡೆಲ್ಲ ಯಾತಕ್ಕೆ ಕೊಟ್ಟೆ?" ಅಂದರು.

ಪ್ರಶ್ನೆ ಸರಿಯಾಗೇ ಇದೆ. ಕೋ-ಆಪ್ ಅಂದರೆ ಇಡೀ ಕಟ್ಟಡ ಒಂದು ಕಂಪನಿಯದು. ನಾವು ಅದರ ಷೇರುದಾರರು, ಷೇರಿನ ಜೊತೆಗೆ ಒಂದು ಮನೆಯ ಲೀಸ್ ಬರುತ್ತದೆ. ಸಾಲ ತೀರುವ ತನಕ ಆ ಷೇರು ಪತ್ರವೂ ಬ್ಯಾಂಕಿನಲ್ಲೇ ಇರುತ್ತದೆ. ಮುಂದೆ ಅಪ್ಪ ಇಲ್ಲಿಗೆ ಬಂದಾಗ ಜೆರಾಕ್ಸ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇದರಲ್ಲಿ ಅಡುಗೆಮನೆ ಎಷ್ಟು ಷೇರು?" ಅಂತ ಕೇಳಿದರು.

ಇಂಥ ಹಳೇ ಕಟ್ಟಡಕ್ಕೆ ಇಲ್ಲಿ 'ಪ್ರೀ-ವಾರ್' ಅಂತಾರೆ, ಅಂದರೆ ಎರಡನೇ ಮಹಾಯುದ್ಧಕ್ಕೂ ಮುಂಚೆ ಕಟ್ಟಿದ್ದು. ನಮ್ಮದು 1920ರ ದಶಕದ ಆರು ಅಂತಸ್ತಿನ ಇಟ್ಟಿಗೆ ಕಟ್ಟಡ. ಟ್ರಾವರ್ಸ್ ಪಾರ್ಕ್ ಐದು ನಿಮಿಷದ ದಾರಿ. ಭಾನುವಾರ ಅದರ ಪಕ್ಕದಲ್ಲೇ ರೈತರ ಸಂತೆ. 2020ರಿಂದ 34ನೇ ಅವೆನ್ಯೂದ 26 ಬ್ಲಾಕ್‌ಗಳಲ್ಲಿ ಹಗಲು ಹೊತ್ತು ಕಾರುಗಳಿಗೆ ಕಡಿವಾಣ ಹಾಕಿದ್ದಾರೆ, ನನ್ನ ಮಗಳು ಸೈಕಲ್ ಕಲಿತಿದ್ದು ಆ ರಸ್ತೆಯಲ್ಲೇ. 74ನೇ ಬೀದಿಗೆ ನಡೆದರೆ ಕರಿಬೇವು, ಸೋನಾ ಮಸೂರಿ, ಎಲ್ಲ ಸಿಗುತ್ತದೆ. ಟ್ರೇನ್ ಹತ್ತಿದರೆ ಫ್ಲಶಿಂಗ್‌ನ ಗಣೇಶನ ಗುಡಿಯ ಕ್ಯಾಂಟೀನ್ ದೋಸೆಯೂ ದೂರವಿಲ್ಲ. ಜಾಗದ ಬಗ್ಗೆ ನನ್ನದೇನೂ ತಕರಾರಿಲ್ಲ.

ಮನೆಯ ವಿಷಯಕ್ಕೆ ಬರೋಣ. ಚಾವಣಿ ಎತ್ತರ, ಮರದ ನೆಲ, ದಪ್ಪ ಗೋಡೆ. ಪಕ್ಕದ ಮನೆಯ ಟಿವಿ ಕೇಳಿಸುವುದಿಲ್ಲ. ಅದೇ ಗೋಡೆಯಿಂದ ವೈಫೈ ಕೂಡ ದಾಟುವುದಿಲ್ಲ, ಮೊಳೆ ಹೊಡೆದರೆ ಅಂಗೈ ಅಗಲದ ಗಾರೆ ಉದುರುತ್ತದೆ. ಕಿಟಕಿ ತೆರೆದರೆ ಎದುರಿಗೆ ಬ್ಲಾಕ್‌ನ ಒಳಗಡೆ ಇರುವ ತೋಟ. ಬೀದಿಯಿಂದ ಅದು ಕಾಣುವುದೇ ಇಲ್ಲ. ಮನೆಗಳನ್ನು ಸುತ್ತ ಕಟ್ಟಿ ನಡುವೆ ತೋಟ ಬಿಡುವುದು ಈ ಏರಿಯಾದ ವಿಶೇಷ. ಆದರೆ ನಮ್ಮ ಕಟ್ಟಡದಲ್ಲಿ ಹುಲ್ಲಿನ ಮೇಲೆ ಕಾಲಿಡಬಾರದು! ತಿಂಗಳು ತಿಂಗಳು ಮಾಲಿಗೆ ದುಡ್ಡು ಕೊಟ್ಟು ಕಿಟಕಿಯಿಂದ ನೋಡುವುದು. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲ ಚಳಿಗಾಲದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದು. ಎದ್ದು ನೋಡಿದರೆ ಕಿಟಕಿ ಕೆಳಗಿನ ರೇಡಿಯೇಟರ್. ಇಲ್ಲಿ ನೆಲಮಾಳಿಗೆಯ ಬಾಯ್ಲರ್‌ನಿಂದ ಪೈಪಿನಲ್ಲಿ ಉಗಿ ಬರುತ್ತದೆ, ತಣ್ಣಗಾಗಿ ನೀರಾದ ಮೇಲೆ ಅದೇ ಪೈಪಿನಲ್ಲಿ ವಾಪಸ್ ಹೋಗಬೇಕು. ನೀರು ನಿಂತರೆ ಉಗಿ ಬಂದು ಅದಕ್ಕೆ ಗುದ್ದುತ್ತದೆ. ಕಟ್ಟಡ ನೋಡಿಕೊಳ್ಳುವವನನ್ನು ಇಲ್ಲಿ 'ಸೂಪರ್' ಅಂತಾರೆ. ಅವನು ಬಂದು ರೇಡಿಯೇಟರಿನ ಒಂದು ಕಡೆಯ ಕಾಲುಗಳ ಕೆಳಗೆ ಬೆರಳು ದಪ್ಪದ ಮರದ ಚಕ್ಕೆ ತುರುಕಿ ವಾಲ್ವ್ ಕಡೆಗೆ ಒಂಚೂರು ಇಳಿಜಾರು ಮಾಡಿದ. ಹತ್ತು ನಿಮಿಷದ ಕೆಲಸ, ಸದ್ದು ನಿಂತಿತು. ಆ ವಾಲ್ವನ್ನು ಪೂರ್ತಿ ತೆರೆಯಬೇಕು ಇಲ್ಲಾ ಪೂರ್ತಿ ಮುಚ್ಚಬೇಕು, ಅರ್ಧಂಬರ್ಧ ತಿರುಗಿಸಿದರೆ ಮತ್ತೆ ಶುರು.

ಸೆಖೆ ಎಷ್ಟಿರಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಅಕ್ಟೋಬರ್ 1ರಿಂದ ಮೇ 31ರ ತನಕ, ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 13 ಸೆಲ್ಸಿಯಸ್) ಕೆಳಗೆ ಹೋದರೆ ಒಳಗೆ 68 (20 ಸೆಲ್ಸಿಯಸ್) ಆದರೂ ಇರಬೇಕು ಅಂತ ಸಿಟಿಯ ಕಾನೂನು. ನಮ್ಮಲ್ಲಿ ಎಷ್ಟು ಬೆಚ್ಚಗಿರುತ್ತದೆ ಅಂದರೆ ಜನವರಿಯಲ್ಲೂ ಕಿಟಕಿ ಸ್ವಲ್ಪ ತೆರೆದಿಟ್ಟು ಮಲಗುತ್ತೇವೆ. ಒಂದು ಲಾಭ ಇದೆ: ದೋಸೆ ಹಿಟ್ಟಿನ ಪಾತ್ರೆಯನ್ನು ರಾತ್ರಿ ರೇಡಿಯೇಟರ್ ಪಕ್ಕದ ಸ್ಟೂಲ್ ಮೇಲಿಟ್ಟರೆ ಬೆಳಗ್ಗೆ ಮುಚ್ಚಳ ಎತ್ತಿಕೊಂಡು ನಿಂತಿರುತ್ತದೆ. ಹೊರಗೆ ಹಿಮ, ಒಳಗೆ ದಾವಣಗೆರೆಯ ಏಪ್ರಿಲ್.

ಇನ್ನು ಬೋರ್ಡ್, ಅಂದರೆ ಷೇರುದಾರರೇ ಆರಿಸಿದ ಕಟ್ಟಡದ ಆಡಳಿತ ಮಂಡಳಿ. ಮನೆ ಕೊಳ್ಳುವಾಗ ಎರಡು ವರ್ಷದ ತೆರಿಗೆ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್, ಗೆಳೆಯರ ಶಿಫಾರಸು ಪತ್ರ, ಎಲ್ಲ ಸೇರಿ ಒಂದು ದಪ್ಪ ಫೈಲ್ ಕೊಟ್ಟೆವು. ಮೇಲೆ ಒಂದು ಇಂಟರ್‌ವ್ಯೂ. ಹೆಣ್ಣು ನೋಡಲು ಬಂದ ಹಾಗೆ ಐದು ಜನ ಸಾಲಾಗಿ ಕೂತಿದ್ದರು. ಬೇಡ ಅಂದರೆ ಕಾರಣವನ್ನೂ ಹೇಳಬೇಕಾಗಿಲ್ಲ. 1920ರ ಆಸುಪಾಸಿನಲ್ಲಿ ಇಲ್ಲಿ ಕೋ-ಆಪ್ ಮನೆ ಮಾರಲು ಶುರುಮಾಡಿದಾಗ ಯಹೂದಿಗಳಿಗೆ, ಕಪ್ಪು ಜನರಿಗೆ ಕೊಡುತ್ತಿರಲಿಲ್ಲ. ಇದನ್ನು ಓದಿದ ಮೇಲೆ ಆ ಇಂಟರ್‌ವ್ಯೂ ನೆನೆಸಿಕೊಂಡರೆ ಒಂಥರಾ ಆಗುತ್ತದೆ. ಈಗ ಮೂರು ವರ್ಷದಿಂದ ಬೋರ್ಡಿನಲ್ಲಿ ನಾನೂ ಇದ್ದೇನೆ, ಬೇರೆಯವರ ಫೈಲ್ ತಿರುವಿ ಹಾಕುತ್ತೇನೆ. ಅದೂ ಒಂಥರಾನೇ.

ಕೆಟ್ಟ ಅನುಭವ ಅಂದರೆ ಗ್ಯಾಸಿನದು. ತಪಾಸಣೆಯಲ್ಲಿ ಲೀಕ್ ಸಿಕ್ಕಿ ಇಡೀ ಕಟ್ಟಡಕ್ಕೆ ಗ್ಯಾಸ್ ನಿಲ್ಲಿಸಿದರು. ಹಳೇ ಪೈಪ್ ಬದಲಾಯಿಸಿ, ಟೆಸ್ಟ್ ಮಾಡಿಸಿ, ಅನುಮತಿ ಬಂದು ಮತ್ತೆ ಒಲೆ ಹೊತ್ತಲು ಏಳು ತಿಂಗಳು. ಗುತ್ತಿಗೆದಾರ ವಾರಗಟ್ಟಲೆ ಫೋನೇ ಎತ್ತುತ್ತಿರಲಿಲ್ಲ. ಅಷ್ಟು ದಿನ ಒಂದೇ ಇಂಡಕ್ಷನ್ ಸ್ಟವ್, ಅದರ ಜೊತೆ ಮಿಕ್ಸಿ ಹಾಕಿದರೆ ಫ್ಯೂಸ್ ಢಮಾರ್. ಚಟ್ನಿ ರುಬ್ಬುವಾಗ ಸಾರು ಕುದಿಯುವುದನ್ನು ನಿಲ್ಲಿಸಬೇಕು. ಖರ್ಚಿಗೆ ಎಲ್ಲರಿಂದಲೂ ಹೆಚ್ಚುವರಿ ವಸೂಲಿ, ಅದಕ್ಕೆ ಇಲ್ಲಿ 'ಅಸೆಸ್‌ಮೆಂಟ್' ಅಂತಾರೆ. ಆ ಪದ ಕೇಳಿದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಆದರೂ ಅದೇ ಏಳು ತಿಂಗಳಲ್ಲಿ ಕೆಳಗಿನ ಮನೆಯ ಕೊಲಂಬಿಯಾದ ಅಜ್ಜಿ ಅವರ ಎಲೆಕ್ಟ್ರಿಕ್ ಓವನ್ ನಮಗೂ ಬಿಟ್ಟುಕೊಟ್ಟರು. ಬದಲಿಗೆ ಚಿತ್ರಾನ್ನ ಹೋಗುತ್ತಿತ್ತು. ಬಟ್ಟೆ ಒಗೆಯುವ ಮಷಿನ್ ಮನೆಯೊಳಗೆ ಇಟ್ಟುಕೊಳ್ಳುವ ಹಾಗಿಲ್ಲ, ಎಲ್ಲರೂ ನೆಲಮಾಳಿಗೆಗೇ ಬರಬೇಕು, ಕಟ್ಟಡದ ಸುದ್ದಿಯೆಲ್ಲ ಅಲ್ಲೇ. ಸುಮ್ನೆ ಹೇಳಬೇಕೆಂದರೆ ಇದು ಲಿಫ್ಟ್ ಇರುವ ವಠಾರ. ಮಾಲೀಕರು ಮಾತ್ರ ಇಲ್ಲ, ಬೈಯಬೇಕೆಂದರೆ ನಮ್ಮನ್ನೇ ಬೈದುಕೊಳ್ಳಬೇಕು.

ಎರಡು ವರ್ಷ ಊರಿಗೆ ಹೋಗಿ ಮನೆ ಬಾಡಿಗೆಗೆ ಕೊಡೋಣ ಅನ್ನುವ ಯೋಚನೆ ಇದ್ದರೆ ಮಾತ್ರ ಇದು ನಿಮಗಲ್ಲ, ಅದಕ್ಕೂ ಬೋರ್ಡಿನ ಒಪ್ಪಿಗೆ ಬೇಕು. 1993ರಿಂದ ಈ ಪ್ರದೇಶ ಐತಿಹಾಸಿಕ ಪಟ್ಟಿಯಲ್ಲಿರುವುದರಿಂದ ಕಿಟಕಿ ಬದಲಾಯಿಸುವುದಕ್ಕೂ ಸಿಟಿಯ ಅನುಮತಿ ಬೇಕು. ನಾವು ಬಂದಾಗ ಮೇಂಟೆನೆನ್ಸ್ ತಿಂಗಳಿಗೆ 780 ಡಾಲರ್ ಇತ್ತು, ಈಗ 1,040. ಆಸ್ತಿ ತೆರಿಗೆ, ಬಿಸಿನೀರು, ಹೀಟಿಂಗ್, ಸೂಪರ್ ಸಂಬಳ ಎಲ್ಲ ಅದರಲ್ಲೇ ಬರುತ್ತದೆ, ಹಾಗಾಗಿ ನನಗೆ ಜಾಸ್ತಿ ಅನಿಸಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ನೋಡಲು ಹೋಗುವವರು ಮೇ ತಿಂಗಳಲ್ಲಿ ತೋಟ ನೋಡಿ ಮರುಳಾಗಬೇಡಿ, ಜನವರಿಯಲ್ಲಿ ಹೋಗಿ. ಕಟ್ಟಡದ ಮೇಲೆ ಎಷ್ಟು ಸಾಲ ಇದೆ ಅಂತ ಲೆಕ್ಕಪತ್ರ ಕೇಳಿ. ಏಜೆಂಟ್ ಅಡುಗೆಮನೆ ತೋರಿಸುತ್ತಿರುವಾಗ ಮೆಲ್ಲಗೆ ಕೆಳಗಿಳಿದು ಸೂಪರ್‌ನನ್ನು ಮಾತಾಡಿಸಿ, ಬಾಯ್ಲರ್ ಯಾವ ಕಾಲದ್ದು ಅಂತ ಕೇಳಿ. ಅವನು ನಕ್ಕರೆ ಮುಂದಿನ ಮನೆ ನೋಡಿ.